ಎರಡು ಗಿಡ್ಡ, ಒಂದು ಉದ್ದ

ಮಾಂಗ್ ಹೆರ್ಮೊ ಬಸ್ಸಿನ ಹಾರ್ನ್ ಹೊಡೆದರೆ ಗದ್ದೆಯ ಕೆಸರಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ನಿಂತು ಸಲಾಮು ಹೊಡೆಯುತ್ತಿದ್ದವು. ಸುಳ್ಳೆನ್ನುವವರು ಕಲಾವಾಗ್ ಕಡೆಗೆ ಹೋಗಿ ಎಮ್ಮೆಗಳನ್ನೇ ಕೇಳಲಿ. ಮನಿಲಾದಿಂದ ನಾಗಾವರೆಗಿನ ಹೆದ್ದಾರಿಯನ್ನು ಅವನು ಎಷ್ಟು ಸಲ ಸವೆಸಿದ್ದನೆಂದರೆ, ಅಲ್ಲಿ ಈಗಿರುವ ಗುಂಡಿಗಳಲ್ಲಿ ಅರ್ಧಕ್ಕರ್ಧ ಅವನ ಚಕ್ರಗಳೇ ತೋಡಿದವು. ಅಂಥ ಶೂರನಿಂದ ಅಷ್ಟು ವರ್ಷ ಆಗದೆ ಉಳಿದ ಕೆಲಸ ಒಂದೇ: ಒಂದು ತಿರುವಿನಲ್ಲಿ ಇಳಿದು ಒಂದು ತಟ್ಟೆ ಅನ್ನ ಉಣ್ಣುವುದು.

ಕಲಾವಾಗ್ ದಾಟಿದ ಮೇಲೆ ಬರುವ ತಿರುವು ಅದು. ಅಲ್ಲೊಂದು ಗರಿಯ ಮಾಡಿನ ಕರಿಂಡೆರಿಯಾ ಎಂಬ ಊಟದಂಗಡಿ, ಬೆಂಚಿನ ಮೇಲೆ ಸಾಲಾಗಿ ಮುಚ್ಚಿಟ್ಟ ಪಾತ್ರೆಗಳು, ಮೇಲೊಂದು ಹಲಗೆಯಲ್ಲಿ ಸೆಬ್ಯಾ ಎಂಬ ಹೆಸರು. ಬಹಳ ಹಿಂದೆ ರಸ್ತೆಗೆ ಅಡ್ಡ ಬಂದ ನಾಯಿಮರಿಗಾಗಿ ಮಾಂಗ್ ಹೆರ್ಮೊ ಅಲ್ಲಿ ಹಾರ್ನ್ ಹೊಡೆದಿದ್ದ: ಎರಡು ಗಿಡ್ಡ, ಒಂದು ಉದ್ದ. ಹೂವಿನ ಏಪ್ರನ್ ತೊಟ್ಟ ಹೆಂಗಸೊಬ್ಬಳು ಕೈಯಲ್ಲಿದ್ದ ಪಾತ್ರೆಯ ಮುಚ್ಚಳವನ್ನು ಮೇಲೆತ್ತಿದಳು. ಅದು ಬೈಗುಳವೋ ವಂದನೆಯೋ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಲೆಂದು ಮುಂದಿನ ಸಲ ಮತ್ತೆ ಹೊಡೆದ. ಮುಚ್ಚಳ ಮತ್ತೆ ಎದ್ದು ಬಿಸಿಲಿಗೆ ಫಳ್ಳೆಂದಿತು. ಆ ಹೊಳಪಿಗೆ ಮುಂದಿನ ಸೀಟಿನವರೆಲ್ಲ ಕಣ್ಣು ಮುಚ್ಚಿಕೊಂಡರೆ ಇವನು ಮಾತ್ರ ಇನ್ನಷ್ಟು ಅಗಲ ತೆರೆದ. ಅಲ್ಲಿಂದ ಮುಂದೆ ಅದು ತಪ್ಪಲಿಲ್ಲ. ಮುಖ ನೋಡಿಕೊಂಡದ್ದಿಲ್ಲ, ಮಾತಂತೂ ಇಲ್ಲವೇ ಇಲ್ಲ.

ನಿಲ್ಲಿಸುವ ಹಾಗಿರಲಿಲ್ಲ. ಕಂಪನಿ ಗೊತ್ತು ಮಾಡಿದ ಊಟದ ತಂಗುದಾಣ ಇನ್ನೂ ಮುಂದಿತ್ತು. ಪ್ರಯಾಣಿಕರನ್ನು ಅಲ್ಲಿಗೆ ತಂದು ಸುರಿಯುವ ಡ್ರೈವರಿಗೆ ಊಟ ಪುಕ್ಕಟೆ. ಆ ಪುಕ್ಕಟೆ ಊಟ ಮಾಡುತ್ತ ಮಾಂಗ್ ಹೆರ್ಮೊ, ಹಿಂದೆ ಬಿಟ್ಟು ಬಂದ ತಿರುವಿನ ವಾಸನೆಯನ್ನೇ ಮೂಗಿನಲ್ಲಿಟ್ಟುಕೊಂಡು ಅನ್ನ ಕಲಸುತ್ತಿದ್ದ.

ಹೆಂಡತಿ ಲುಮಿಂಗ್ ಇದ್ದಷ್ಟು ದಿನ ಅದು ಬರೀ ಹಾರ್ನು. ಮನೆಯಲ್ಲಿ ತಳ ಹಿಡಿದ ಅನ್ನದ ಗರಿಗರಿ ಸೀಕಲು ಅವನ ಪಾಲಾಗಿತ್ತು. ಅದನ್ನು ಯಾರೂ ಮಾರುವುದಿಲ್ಲ, ನೆಂಟರಿಗೆ ಬಡಿಸುವುದಿಲ್ಲ, ಮನೆಯವನಿಗೆಂದು ಎತ್ತಿಡುತ್ತಾರೆ. ಲುಮಿಂಗ್ ತೀರಿಕೊಂಡ ಮೇಲೆ ಎತ್ತಿಡುವವರಿರಲಿಲ್ಲ. ಆಮೇಲೆ ಕಣ್ಣಿಗೆ ಪೊರೆ ಬಂದು ಕಂಪನಿ ಸ್ಟಿಯರಿಂಗ್ ಕಿತ್ತುಕೊಂಡಿತು. ಬಸ್ಸನ್ನು ರೊಮ್ನಿಕ್ ಎಂಬ ಎಳೆ ಡ್ರೈವರನ ಕೈಗೆ ಕೊಡುವಾಗ ಹೇಳಿದ್ದ: "ಆ ತಿರುವಲ್ಲಿ ಎರಡು ಗಿಡ್ಡ, ಒಂದು ಉದ್ದ. ಮರೀಬೇಡ."

"ಯಾಕೆ ತಾತಾಂಗ್?"

"ಹೊಡೆದ್ರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತೆ."

ಈಗ ಮಾಂಗ್ ಹೆರ್ಮೊ ಜೀವಮಾನದಲ್ಲಿ ಮೊದಲ ಸಲ ಟಿಕೆಟ್ ಕೊಂಡು, ಯಾರೂ ಹಲ್ಲು ಕಿರಿಯಬಾರದೆಂದು ತನ್ನ ಹಳೆಯ ಬಸ್ಸಿಗಿಂತ ಮುಂಚಿನದನ್ನು ಹತ್ತಿ ಹೊರಟಿದ್ದ. ಸೆಬ್ಯಾಳ ಬೆಂಚಿನ ಮೇಲೆ ಕೂತು ಉಣ್ಣಬೇಕು, ಆ ಹಾರ್ನ್ ನನ್ನದೇ ಎಂದು ಹೇಳಬೇಕು. ಇಷ್ಟೇ.

ತಿರುವಿನಲ್ಲಿ ಈ ಬಸ್ಸೂ ನಿಲ್ಲಲಿಲ್ಲ. ತಂಗುದಾಣದಲ್ಲಿ ಇಳಿದವನ ಕಾಲು ತಾನಾಗಿ ಪುಕ್ಕಟೆ ಊಟದ ಕೋಣೆಯತ್ತ ನಡೆಯಿತು.

"ತಾತಾಂಗ್, ಅದು ಡ್ರೈವರ್‌ಗಳಿಗೆ," ಎಂದಳು ಕೌಂಟರಿನ ಹುಡುಗಿ.

"ನಾನೂ ಡ್ರೈವರೇ ಕಣಮ್ಮಾ!"

"ಹೌದಾ? ಬಸ್ಸೆಲ್ಲಿ, ಜೇಬಲ್ಲಿದ್ಯಾ?"

ತಲೆ ತಗ್ಗಿಸಿ ಸಾಲಿನಲ್ಲಿ ನಿಂತ. ಒಂದು ಕೋಳಿಕಾಲಿನ ಅಡೊಬೊ, ಮುಷ್ಟಿಯಷ್ಟು ಅನ್ನ. ಬೆಲೆ ಕೇಳಿ ಅವನ ಕಣ್ಣಿನ ಪೊರೆ ತಾನಾಗಿ ಕಳಚಿ ಬಿತ್ತು.

"ಇನ್ನೂರಿಪ್ಪತ್ತು ಪೆಸೊನಾ? ಈ ಕೋಳಿ ಏನು ವಿಮಾನದಲ್ಲಿ ಬಂತಾ?"

"ಎಲ್ರೂ ಇದನ್ನೇ ಹೇಳ್ತಾರೆ. ಮುಂದೆ ಹೋಗಿ."

ಬೆಲೆ ಜಾಸ್ತಿ ಎಂದು ಗೊಣಗುತ್ತಿದ್ದ ಪ್ರಯಾಣಿಕರಿಗೆಲ್ಲ ತಾನು ವರ್ಷಗಟ್ಟಲೆ "ಹೊಟ್ಟೆಗೆ ತಿನ್ನೋಕೂ ಜಿಪುಣತನವಾ?" ಎಂದು ಗದರಿದ್ದು ನೆನಪಾಗಿ ಅವನಿಗೆ ಬೆವರು ಕಿತ್ತುಬಂತು. ತಟ್ಟೆ ಅಲ್ಲೇ ಬಿಟ್ಟು, ಬಂದ ಬಸ್ಸನ್ನು ಹೋಗಗೊಟ್ಟು, ಒಂದು ಸೈಡ್‌ಕಾರಿನ ಬೈಕು ಹಿಡಿದು ತಿರುವಿಗೆ ವಾಪಸು ಹೊರಟ.

ಕರಿಂಡೆರಿಯಾದ ಮುಂದೆ ನಾಯಿಯೊಂದು ಮಲಗಿತ್ತು. ಇಡೀ ದ್ವೀಪದಲ್ಲಿ ಅಷ್ಟು ದಪ್ಪ ನಾಯಿ ಇನ್ನೊಂದಿರಲಿಲ್ಲ. ದಾಟಿ ಹೋಗಲು ಏಣಿ ಬೇಕಿತ್ತು. ಪಾತ್ರೆಗಳ ಹಿಂದೆ ಆ ಹೂವಿನ ಏಪ್ರನ್. ಒಳಗಿದ್ದವಳ ಕೂದಲು ನರೆತಿತ್ತು, ಕಿವಿಯ ಹತ್ತಿರ ಸೌಟಿನ ಮಸಿ. ಎದೆ ಹಳೆಯ ಡೀಸೆಲ್ ಎಂಜಿನ್ನಿನ ಹಾಗೆ ಬಡಿಯತೊಡಗಿದ್ದರಿಂದ ಮಾಂಗ್ ಹೆರ್ಮೊ ಹಾರ್ನಿನ ಮಾತು ಬಿಟ್ಟು ಒಂದೊಂದೇ ಮುಚ್ಚಳ ತೆಗೆದು ನೋಡಿದ. ಹುಣಸೆಹುಳಿಯ ಮೀನುಸಾರು. ತೆಂಗಿನಹಾಲಿನಲ್ಲಿ ಬೆಂದು ಕಪ್ಪಾದ ಕೆಸುವಿನೆಲೆಯ ಲಾಯಿಂಗ್.

"ಮನೋಂಗ್, ಮುಚ್ಚಳ ತೆಗೆದು ವಾಸನೇಲೇ ಹೊಟ್ಟೆ ತುಂಬಿಸ್ಕೋತೀರಾ? ಹಾಗಾದ್ರೆ ಅದಕ್ಕೂ ದುಡ್ಡಿದೆ," ಎಂದಳು ಸೆಬ್ಯಾ.

"ಕೆಸು ಗಂಟಲು ಕೆರೆಯಲ್ಲ ತಾನೇ?"

"ಬೇಯೋವಾಗ ಸೌಟು ಆಡಿಸಿದ್ರೆ ಕೆರೆಯುತ್ತೆ. ನಾನು ಆಡಿಸಲ್ಲ. ಸಾರು ಬಿಟ್ಟಿ, ಎಷ್ಟು ಬೇಕಾದ್ರೂ ಕುಡೀರಿ."

ಲಾಯಿಂಗ್ ಮತ್ತು ಅನ್ನ ಅರವತ್ತು ಪೆಸೊ. ಮೊದಲ ತುತ್ತಿಗೇ ಅವನಿಗೆ ಕಿಟಕಿಯಿಂದ ಮೂಗಿಗಷ್ಟೇ ಸಿಕ್ಕಿದ್ದ ಅಷ್ಟೂ ಮಧ್ಯಾಹ್ನಗಳು ಒಟ್ಟಿಗೆ ಬಾಯಿಗೆ ಬಂದವು. ಒಲೆಯ ಪಕ್ಕದಲ್ಲಿ ಒಂದು ತಟ್ಟೆ ಮುಚ್ಚಿಟ್ಟಿತ್ತು. ಅಂಚಿನಿಂದ ಕಂದುಬಣ್ಣದ ಸೀಕಲು ಇಣುಕುತ್ತಿತ್ತು.

"ಅದನ್ನಿಷ್ಟು ಹಾಕ್ತೀರಾ?"

"ಅದು ಮಾರೋದಲ್ಲ. ಒಬ್ಬರಿಗೆ ಅಂತ ಇಟ್ಟಿರೋದು." ಸೆಬ್ಯಾ ಏಪ್ರನ್ನಿಗೆ ಕೈ ಒರೆಸಿಕೊಂಡು ರಸ್ತೆಯತ್ತ ನೋಡಿದಳು. "ಒಬ್ಬ ಬಸ್ಸಿನವನಿದಾನೆ. ಹಾರ್ನ್ ಹೊಡ್ಕೊಂಡು ಹೋಗ್ತಾನೆ. ಒಂದಲ್ಲ ಒಂದಿನ ನಿಲ್ಲಿಸ್ತಾನೆ. ಆವಾಗ ಖಾಲಿ ಪಾತ್ರೆ ತೋರಿಸೋಕಾಗುತ್ತಾ?"

ಮಾಂಗ್ ಹೆರ್ಮೊ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. "ಅವನು... ನಾನೇ."

ಸೆಬ್ಯಾ ಬೆಂಚು ಅಲ್ಲಾಡುವ ಹಾಗೆ ನಕ್ಕಳು. "ನೀವು ನಾಲ್ಕನೆಯವರು! ಸಿಮೆಂಟ್ ಲಾರಿಯವನು ಬಂದ, ಮೀನಿನ ವ್ಯಾನಿನವನು ಬಂದ, ಪಾದ್ರಿಗಳ ಕಾರು ಓಡಿಸೋನೂ ಬಂದ. ಬಿಟ್ಟಿ ಸೀಕಲಿಗೆ ಗಂಡಸರು ಏನು ಬೇಕಾದ್ರೂ ಹೇಳ್ತಾರೆ."

ಇನ್ನೇನು ಮಾಡಿಯಾನು? ತಟ್ಟೆ ಬದಿಗಿಟ್ಟು, ಕೆನ್ನೆ ಉಬ್ಬಿಸಿ, ಬಾಯಲ್ಲೇ ಹೊಡೆದ: "ಪೀಂ. ಪೀಂ. ಪೀಈಈಂ!" ನಾಯಿ ಎದ್ದು ನಿಂತಿತು. ಸೆಬ್ಯಾಳ ನಗು ನಿಂತಿತು. ಅವಳು ಅವನ ಮುಖವನ್ನು ದಿಟ್ಟಿಸಿದಳು, ಆಮೇಲೆ ಅವನ ಕೈಗಳನ್ನು. ಸ್ಟಿಯರಿಂಗ್ ಹಿಡಿದೇ ದಡ್ಡುಗಟ್ಟಿದ ಕೈಗಳು. ಅವಳ ಕೈ ಮೆಲ್ಲಗೆ ಆ ಮುಚ್ಚಿಟ್ಟ ತಟ್ಟೆಯತ್ತ ಹೊರಟಿತು.

ಸರಿಯಾಗಿ ಆಗಲೇ ತಿರುವಿನಾಚೆಯಿಂದ ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ.

ರೊಮ್ನಿಕ್! ಮುಂಚಿನ ಬಸ್ಸು ಹತ್ತುವಷ್ಟು ಜಾಣನಿಗೆ ಹಿಂದೆ ಬರುವ ಬಸ್ಸು ಮರೆತೇಹೋಗಿತ್ತು. ಸೆಬ್ಯಾ ತಟ್ಟೆ ಬಿಟ್ಟು ಮುಚ್ಚಳ ಹಿಡಿದು ರಸ್ತೆಯಂಚಿಗೆ ಹದಿನಾರರ ಹುಡುಗಿಯ ಹಾಗೆ ಓಡಿದಳು. ಗಾಜಿನ ಮೇಲೆ ಬಿಸಿಲು ಹೊತ್ತುಕೊಂಡು ಬಸ್ಸು ಬಂತು, ಮುಚ್ಚಳ ಎದ್ದಿತು, ಬಸ್ಸು ಹೋಯಿತು. ಮುಚ್ಚಳದಡಿಯ ಆ ಮುಖವನ್ನು ಮಾಂಗ್ ಹೆರ್ಮೊ ಬಸ್ಸಿನೊಳಗಿಂದ ಒಂದು ದಿನವೂ ಕಂಡಿರಲಿಲ್ಲ. ದೂಳು ಇಳಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು.

"ನೋಡಿದ್ರಾ?" ವಾಪಸು ಬಂದವಳು ಏದುಸಿರಲ್ಲಿ ಹೇಳಿದಳು. "ಅವನು ಅಲ್ಲಿ ಹೋದ. ನೀವು ಇಲ್ಲಿ ಕೂತಿದೀರಿ. ಪಾಪಿ, ಒಂದು ಗಳಿಗೆ ನಂಬಿಬಿಟ್ಟಿದ್ದೆ ನೋಡಿ."

ಮಾಂಗ್ ಹೆರ್ಮೊ ಬಾಯಿ ತೆರೆದ. ಇಲ್ಲದ ಎಮ್ಮೆಗಳಿಂದ ಸಲಾಮು ಹೊಡೆಸಿದ ಬಾಯಿ ಅದು.

"ಈಚೀಚೆಗೆ ಅವನ ಹಾರ್ನ್ ಚುರುಕಾಗಿದೆ," ಎಂದಳು ಸೆಬ್ಯಾ. "ಮೊದ್ಲು ಸ್ವಲ್ಪ ಸುಸ್ತಾದ ಹಾಗಿತ್ತು. ಏನೋ ಕಾಯಿಲೆ ಇತ್ತೇನೋ, ವಾಸಿಯಾಯ್ತು ಅಂತ ಸಮಾಧಾನ."

ತೆರೆದ ಬಾಯಿ ಮುಚ್ಚಿತು. "ಹೌದು," ಎಂದ. "ವಾಸಿಯಾಗಿರಬೇಕು."

ಸೆಬ್ಯಾ ಸೀಕಲನ್ನು ನಾಯಿಯ ಮುಂದೆ ಸುರಿದಳು. ಇವತ್ತಿನದು ಇವತ್ತಿಗೆ. ನಾಯಿ ಕರುಂಕುರುಂ ಅಗಿಯುವ ಸದ್ದು ಮನಿಲಾವರೆಗೂ ಕೇಳಿಸುವಂತಿತ್ತು.

ಅವನು ದುಡ್ಡಿಟ್ಟು ಹೊರಬಂದು ತೆಂಗಿನ ಮರದ ನೆರಳಿನಲ್ಲಿ ಫೋನು ತೆಗೆದ. ರೊಮ್ನಿಕ್ ಆಗಲೇ ತಂಗುದಾಣದಲ್ಲಿ ಪುಕ್ಕಟೆ ಊಟಕ್ಕೆ ಕೂತಿದ್ದ.

"ತಾತಾಂಗ್! ಇವತ್ತೂ ಹೊಡ್ದೆ. ಆಯಮ್ಮ ಮುಚ್ಚಳ ಎತ್ತಿದ್ಲು. ಇನ್ನೂ ಎಷ್ಟು ದಿನ ಹೊಡೀಬೇಕು ಹೇಳಿ, ಕಂಡಕ್ಟರ್ ನಗ್ತಾನೆ."

ನಾಳೆಯಿಂದ ಬೇಡ ಎಂಬ ಮಾತು ಮಾಂಗ್ ಹೆರ್ಮೊನ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ನಾಳೆ ಹಾರ್ನ್ ಬರದಿದ್ದರೆ, ನಾಡಿದ್ದೂ ಬರದಿದ್ದರೆ, ತಾನು ಹೇಳಿದ್ದು ನಿಜವಾಗುತ್ತದೆ. ಆ ತಟ್ಟೆ ತನ್ನದಾಗುತ್ತದೆ. ತಿರುಗಿ ನೋಡಿದ. ಸೆಬ್ಯಾ ಆ ಮುಚ್ಚಳವನ್ನು ಏಪ್ರನ್ನಿನಿಂದ ಒರೆಸುತ್ತಿದ್ದಳು. ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿ, ಕೈಗೆಟುಕುವ ಮೊಳೆಗೆ ತೂಗುಹಾಕಿದಳು.

"ತಾತಾಂಗ್? ಕೇಳಿಸ್ತಿದ್ಯಾ?"

"ಕೇಳಿಸ್ತಿದೆ ಕಣೋ. ಆ ಕೊನೇದಿದೆಯಲ್ಲ, ಉದ್ದದ್ದು," ಎಂದ ಮಾಂಗ್ ಹೆರ್ಮೊ. "ಗಿಡ್ಡವಾಯ್ತು. ನಾಳೆ ಇನ್ನೊಂಚೂರು ಎಳಿ."