ಹನ್ನೆರಡು ನೀಲಿ ಗೆರೆ

"ಹನ್ನೊಂದೇ ಗೆರೆ ಎಳ್ದಿದ್ದೀಯಲ್ಲೇ ಮುಂಡೆ. ಹನ್ನೆರಡನೇದನ್ನ ನಿಮ್ಮಪ್ಪ ಬಂದು ಎಳೀತಾನಾ?"

ಸ್ಕಲಿ ಸಾಹೇಬ ಪುಸ್ತಕವನ್ನು ನನ್ನ ತೊಡೆಯ ಮೇಲೆ ಎಸೆದ. ಅವನು ಅದನ್ನು ಓದಿರಲಿಲ್ಲ. ಕಣ್ಣು ಅರ್ಧ ಮುಚ್ಚಿಕೊಂಡು ಹಾಳೆ ತಿರುವಿ, ನೀಲಿ ಗೆರೆಗಳನ್ನು ಬೆರಳಿನಲ್ಲಿ ಎಣಿಸಿದ್ದ, ಅಷ್ಟೆ. ನಾನು ಗಂಡ ಸತ್ತವಳು, ಹಾಗಾಗಿ ಬೈಗುಳಕ್ಕೆ ಎದುರಾಡುವಂತಿರಲಿಲ್ಲ. ಪುಸ್ತಕ ಬಿಡಿಸಿ ಇನ್ನೊಂದು ಸಾಲು ಹುಡುಕಿದೆ. ಹಳ್ಳಿಯಲ್ಲಿ ಕೋಳಿ ಸಾಕಿಕೊಂಡು ದೇವರ ಧ್ಯಾನ ಮಾಡುತ್ತಾ ಬದುಕುವ ಒಬ್ಬ ವಿಧವೆಯ ಕತೆ ಅದು. ಮುನ್ನೂರು ಪುಟದಲ್ಲಿ ಒಬ್ಬ ಗಂಡಸಿನ ನೆರಳೂ ಸುಳಿಯುವುದಿಲ್ಲ. ಹನ್ನೊಂದು ಗೆರೆಯನ್ನೂ ಕೋಳಿಗಳ ಮೇಲೆಯೇ ಎಳೆದಿದ್ದೆ. ಕೊನೆಗೆ ವಿಧವೆ ಒಬ್ಬಳೇ ಕೂತು ಬೇಯಿಸಿದ ಮೊಟ್ಟೆ ತಿನ್ನುವ ಸಾಲು ಸಿಕ್ಕಿತು. ಅದರ ಕೆಳಗೆ ಹನ್ನೆರಡನೆಯ ಗೆರೆ ಎಳೆದು ಕೊಟ್ಟೆ. ಸ್ಕಲಿ ಮೊಹರು ಒತ್ತಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಪುಸ್ತಕವನ್ನು ಡಬ್ಲಿನ್ನಿನ ಚೀಲಕ್ಕೆ ಹಾಕಿದ.

ಕ್ಯಾರಿಗ್‌ಮೋರ್ ಬಂದರಿನ ಸುಂಕದ ಕಟ್ಟೆಯಲ್ಲಿ ನಮ್ಮ ಕೆಲಸ ಅದೇ ಆಗಿತ್ತು. ಲಂಡನ್ನಿನಿಂದ ಹಡಗಿನಲ್ಲಿ ಬಂದ ಕಾದಂಬರಿಗಳನ್ನು ತಡೆದು, ಹೊಲಸಿರುವ ಸಾಲುಗಳಿಗೆ ಗುರುತು ಹಾಕಿ, ಡಬ್ಲಿನ್ನಿನ ಮಂಡಳಿಗೆ ಕಳಿಸಬೇಕು. ಮಂಡಳಿಯ ದೊಡ್ಡ ಮನುಷ್ಯರು ಗುರುತು ನೋಡಿ ಪುಸ್ತಕಕ್ಕೆ ನಿಷೇಧ ಹಾಕುತ್ತಾರೆ. ಕಾನೂನಿನ ಪ್ರಕಾರ ಗುರುತು ಹಾಕಬೇಕಾದವನು ಸ್ಕಲಿ. ಆದರೆ ಅವನು ದಿನಾ ಬೆಳಿಗ್ಗೆ ಬಲಿಪೂಜೆಗೆ ಹೋಗಿ ಪ್ರಸಾದ ತೆಗೆದುಕೊಳ್ಳುವ ಆಸಾಮಿ. ಹೊಲಸು ಓದಿದರೆ ಆತ್ಮ ಮೈಲಿಗೆಯಾಗುತ್ತದೆಂದು ಅವನಿಗೆ ಭಯ. ಅದಕ್ಕೇ ಗುಡಿಸಲು ಬಂದ ನಮ್ಮಿಬ್ಬರನ್ನು, ನನ್ನನ್ನೂ ಫಿಲೋಳನ್ನೂ, ಕಸಬರಿಕೆ ಮೂಲೆಗಿಡಿಸಿ ಓದಲು ಕೂರಿಸಿದ. ನಮ್ಮ ಆತ್ಮ ಹೇಗಿದ್ದರೂ ನೆಲ ಒರೆಸುವಂಥದ್ದು ತಾನೆ. ಒಂದು ಪುಸ್ತಕಕ್ಕೆ ಹನ್ನೆರಡು ಗೆರೆಗೆ ಕಡಿಮೆಯಾದರೆ ಇದನ್ನೇಕೆ ತಡೆದೆ ಅಂತ ಮೇಲಿನವರು ಅವನನ್ನೇ ಕೇಳುತ್ತಾರೆ. ಆದ್ದರಿಂದ ಪುಸ್ತಕದಲ್ಲಿ ಇರಲಿ ಬಿಡಲಿ, ಹನ್ನೆರಡು ಆಗಲೇಬೇಕು.

ಸುಮ್ಮನೆ ಓದಿ ಎದ್ದು ಹೋಗುವ ಹಾಗಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ, ಚಳಿಯಲ್ಲಿ ನೆಲ ಒರೆಸುವುದಕ್ಕಿಂತ ಕೂತು ಮಾಡುವ ಕೆಲಸ ವಾಸಿ. ಆದರೆ ಹೊಲಸು ಓದುವುದು ಪಾಪ. ಪಾಪವನ್ನು ಶನಿವಾರ ಚರ್ಚಿನಲ್ಲಿ ಪಾದ್ರಿಯ ಕಿವಿಯಲ್ಲಿ ನಿವೇದಿಸಿಕೊಳ್ಳಬೇಕು. ಫಾದರ್ ಟೂಹಿ ಒಂದು ಗೆರೆಗೆ ಹತ್ತು ನಮೋ ಮರಿಯಾ ಜಪ ಅಂತ ನಿಗದಿ ಮಾಡಿದ್ದರು, ಅದೂ ಕಲ್ಲುನೆಲದ ಮೇಲೆ ಮೊಣಕಾಲೂರಿ. ವಾರಕ್ಕೆ ನಾಲ್ಕು ಪುಸ್ತಕ, ನಲವತ್ತೆಂಟು ಗೆರೆ, ನಾನೂರ ಎಂಬತ್ತು ನಮೋ ಮರಿಯಾ. ಸ್ಕಲಿ ಸಾಹೇಬ ನನ್ನ ಮುಂದೆಯೇ ಎರಡು ನಿಮಿಷದಲ್ಲಿ ನಿವೇದನೆ ಮುಗಿಸಿ, ಟೋಪಿ ಇಟ್ಟುಕೊಂಡು ಊಟಕ್ಕೆ ಹೋಗುತ್ತಿದ್ದ. ನಾನು ಕುಂಟುತ್ತಾ ಮನೆಗೆ ಬಂದರೆ ಮಗಳು ಈಟಾ ಬಿಸಿ ಮಾಡಿದ ಕೋಸಿನೆಲೆಯನ್ನು ನನ್ನ ಮೊಣಕಾಲಿಗೆ ಕಟ್ಟುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ. ಅವಳಪ್ಪ ಮೀನಿಗೆ ಹೋದವನು ವಾಪಸು ಬಂದಿರಲಿಲ್ಲ. ನನಗೆ ಅವಳು, ಅವಳಿಗೆ ನಾನು.

ಸ್ಕಲಿ ಓದಿಸುತ್ತಾನೆ, ನಾನೇನು ಮಾಡಲಿ ಅಂತ ಫಾದರ್ ಹತ್ತಿರ ಎರಡು ವರ್ಷ ಪ್ರತಿ ಶನಿವಾರ ಹೇಳಿದೆ. ಕೆಲಸ ಬಿಡು ಅಂದರು. ಬಿಟ್ಟರೆ ತಿನ್ನುವುದೇನು ಅಂದೆ. ಹಾಗಾದರೆ ಪ್ರಾರ್ಥನೆ ಮಾಡು ಅಂದರು.

ಉಪಾಯ ಹೊಳೆದದ್ದು ಫಿಲೋಗೆ. "ಹೊಲಸಿಲ್ಲದ ಸಾಲಿಗೇ ಗೆರೆ ಎಳದ್ರೆ ಪಾಪ ಎಲ್ಲಿ ಬತ್ತದೆ ಡಿಂಪ್ನಾ? ಮೇಲ್ನೋರು ಓದ್ತಾರೆ, ಏನಿಲ್ಲ ಅಂತ ಪುಸ್ತಕ ಬಿಟ್ಟುಬಿಡ್ತಾರೆ. ಅಂಗಡಿಯವನಿಗೂ ಪುಣ್ಯ, ನಮ್ಮ ಮಂಡಿಗೂ ಪುಣ್ಯ."

ಮಾಡಿ ನೋಡಿದೆವು. ಒಂದು ದಪ್ಪ ಕಾದಂಬರಿಯಲ್ಲಿ ಆಲೂಗಡ್ಡೆ ಬೇಯುವುದು, ಮಳೆ ಬರುವುದು, ಯಾರೋ ಬೂಟಿನ ದಾರ ಕಟ್ಟುವುದು, ಇಂಥ ಹನ್ನೆರಡಕ್ಕೆ ಗೆರೆ ಹಾಕಿ ಕಳಿಸಿದೆ. ತಿಂಗಳಾದ ಮೇಲೆ ಪೇಪರಿನಲ್ಲಿ ಪಟ್ಟಿ ಬಂತು. ಪುಸ್ತಕಕ್ಕೆ ನಿಷೇಧವಾಗಿತ್ತು. ಫಿಲೋ ಆ ಪಟ್ಟಿಯನ್ನು ಎರಡು ಸಲ ಓದಿದಳು. "ಅಲ್ಲೂ ಗೆರೆ ಎಣಿಸೋರೇ ಕೂತವ್ರೆ ಕಣೆ" ಅಂದಳು. ಇಬ್ಬರೂ ಕಸಬರಿಕೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕೆವು. ಆ ಚಳಿಗಾಲವೆಲ್ಲ ನಮ್ಮ ದೇಶ ಆಲೂಗಡ್ಡೆಯಿಂದ, ಮಳೆಯಿಂದ, ಬೂಟಿನ ದಾರದಿಂದ ತನ್ನ ಶೀಲ ಕಾಪಾಡಿಕೊಂಡಿತು. ಶನಿವಾರ ಫಾದರ್ ಈ ವಾರ ಎಷ್ಟು ಅಂದರೆ ಸೊನ್ನೆ ಅನ್ನುತ್ತಿದ್ದೆ. ನನ್ನ ಮೊಣಕಾಲಿನ ಊತ ಇಳಿದಿತ್ತು.

ಕೋಳಿ ಪುಸ್ತಕ ಎಲ್ಲವನ್ನೂ ಕೆಡಿಸಿತು. ರಟ್ಟಿನ ಮೇಲೆ ಯಾವನೋ ಗಂಡಸಿನ ಹೆಸರಿತ್ತು. ಬರೆದವಳು ಮಾತ್ರ ನಮ್ಮ ಬಿಷಪ್ಪರ ಸ್ವಂತ ಅಕ್ಕ. ಲಂಡನ್ನಿನಲ್ಲಿ ಅಚ್ಚಾಗಿತ್ತು, ಬಿಷಪ್ಪರೇ ಪಾದ್ರಿಗಳಿಗೆಲ್ಲ ಹಂಚಲು ತರಿಸಿದ್ದರಂತೆ. ಪೇಪರಿನ ಪಟ್ಟಿಯಲ್ಲಿ ಅಶ್ಲೀಲ ಕೃತಿ ಅಂತ ಅದು ಮೂರನೆಯದಾಗಿ ಅಚ್ಚಾದ ಮಾರನೆಯ ದಿನವೇ ಡಬ್ಲಿನ್ನಿನಿಂದ ಒಬ್ಬ ದೊಡ್ಡ ಸಾಹೇಬ ಕಾರಿನಲ್ಲಿ ಬಂದಿಳಿದ.

ಕಟ್ಟೆಯಲ್ಲಿ ಮೂರು ಕುರ್ಚಿ ಹಾಕಿದರು. ಡಬ್ಲಿನ್ ಸಾಹೇಬ, ಸ್ಕಲಿ, ಫಾದರ್ ಟೂಹಿ ಕೂತರು. ನಾನು ನಿಂತೆ. ನಿಷೇಧವಾದ ಪುಸ್ತಕವನ್ನು ಇನ್ನೊಬ್ಬರಿಗೆ ಕೇಳುವಂತೆ ಓದಿದರೆ ಅದೂ ಅಪರಾಧವೇ ಆದ್ದರಿಂದ ಸಾಹೇಬ ಮನಸ್ಸಿನಲ್ಲೇ ಓದಿಕೊಂಡ. ಮೊದಲ ಗೆರೆಗೆ ಹುಬ್ಬು ಗಂಟಿಕ್ಕಿದ. ನಾಲ್ಕನೆಯದಕ್ಕೆ ಕಾಲರು ಸಡಿಲ ಮಾಡಿಕೊಂಡ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು. ಮಂಡಳಿ ನಿಷೇಧಿಸಿದೆ ಅಂದಮೇಲೆ ಒಳಗೆ ಏನೋ ಇರಲೇಬೇಕು, ತನಗೆ ಅದು ಕಾಣದಿದ್ದರೆ ತನ್ನದೇ ತಪ್ಪು ಅಂತ ಪಾಪ, ಪ್ರಯತ್ನಪಟ್ಟು ಹುಡುಕುತ್ತಿದ್ದ.

"ಈ ವಿಧವೆ ಮೊಟ್ಟೇನ ಒಬ್ಬಳೇ ಯಾಕೆ ತಿಂತಾಳೆ?" ಅಂತ ಕೇಳಿದ.

"ಹೊಟ್ಟೆ ಹಸ್ದಿತ್ತು ಸಾಹೇಬ್ರೆ" ಅಂದೆ.

"ಬಾಗಿಲು ಯಾಕೆ ಹಾಕ್ಕೊಂಡಿದಾಳೆ?"

"ಕೋಳಿ ಒಳಗೆ ಬತ್ತವೆ."

ಸಾಹೇಬ ಇದನ್ನು ಬರೆದುಕೊಂಡ. ಆಮೇಲೆ ಸ್ಕಲಿ ಎದ್ದ. ಇವಳು ಕಸ ಗುಡಿಸುವ ಹೆಂಗಸು, ಪುಸ್ತಕ ಮುಟ್ಟಲು ನಾನು ಯಾವತ್ತೂ ಹೇಳಿಲ್ಲ, ಚಪಲಕ್ಕೆ ಕದ್ದು ಓದಿದ್ದಾಳೆ, ನನ್ನ ಪೆನ್ಸಿಲು ಕದ್ದು ಗೀಚಿದ್ದಾಳೆ ಅಂದ. ಕಣ್ಣು ಮಿಟುಕಿಸದೆ ಹೇಳಿದ.

ನಾನು ಫಾದರ್ ಕಡೆ ತಿರುಗಿದೆ. "ನಿಮಗ್ ಗೊತ್ತಲ್ಲ ಫಾದರ್. ಎರಡು ವರ್ಷ ವಾರವಾರ ಬಂದು ಹೇಳಿವ್ನಿ. ಇವ್ನೇ ಓದಿಸ್ತಾನೆ ಅಂತ. ನೀವೇ ಎಣಿಸಿ ಎಣಿಸಿ ಮಂಡಿ ಊರಿಸಿದ್ದೀರಿ."

ಫಾದರ್ ಕಿಟಕಿಯಾಚೆ ನೋಡಿದರು. "ಅಲ್ಲಿ ಕೇಳಿದ್ದು ಇಲ್ಲಿ ನನಗೆ ಗೊತ್ತಿಲ್ಲ ಮಗಳೇ. ನಿವೇದನೆಯ ಗುಟ್ಟನ್ನ ಪ್ರಾಣ ಹೋದರೂ ಬಾಯಿಬಿಡಬಾರದು."

ಪ್ರಾಣ ಯಾರದು ಅಂತ ಮಾತ್ರ ಅವರು ಹೇಳಲಿಲ್ಲ.

ಕಾಗದ ಮೊದಲೇ ಸಿದ್ಧವಾಗಿತ್ತು. ಅಧಿಕಾರಿಯ ಕಣ್ಣು ತಪ್ಪಿಸಿ, ಕಾಮದ ಚಪಲದಿಂದ, ಎರಡು ವರ್ಷ ಅಶ್ಲೀಲ ಪುಸ್ತಕ ಓದಿದ್ದೇನೆಂದು ನಾನು ಸೋಮವಾರದೊಳಗೆ ರುಜು ಹಾಕಿ ಕೊಡಬೇಕು. ಹಾಕಿದರೆ ಕೆಲಸ ಹೋಗುತ್ತದೆ, ಅಷ್ಟೆ. ಹಾಕದಿದ್ದರೆ ಸರ್ಕಾರದ ವಶದಲ್ಲಿದ್ದ ಮಾಲನ್ನು ಕೆಡಿಸಿದ್ದಕ್ಕೆ ಜೈಲು. ಎರಡರಲ್ಲಿ ಯಾವುದಾದರೂ ಸರಿ, ಈಟಾ ನನ್ನ ಹತ್ತಿರ ಇರುವ ಹಾಗಿಲ್ಲ. ಅದನ್ನು ಹೇಳಿದ್ದು ಫಾದರ್ ಟೂಹಿ. ಊರಿನ ಮಕ್ಕಳ ಕಮಿಟಿಗೆ ಅವರೇ ಅಧ್ಯಕ್ಷರು. "ಇಂಥ ಪುಸ್ತಕ ಓದೋ ಹೆಂಗಸಿನ ಮಡಿಲಲ್ಲಿ ಹೆಣ್ಣುಮಗು ಬೆಳೀಬಾರದು. ಸೋಮವಾರ ಹತ್ತಕ್ಕೆ ವ್ಯಾನ್ ಬರುತ್ತೆ. ಸಿಸ್ಟರುಗಳು ಚೆನ್ನಾಗಿ ನೋಡ್ಕೋತಾರೆ" ಅಂದರು.

ಸಿಸ್ಟರುಗಳು ಹೇಗೆ ನೋಡಿಕೊಳ್ಳುತ್ತಾರೆಂದು ನನಗೆ ಗೊತ್ತು. ಫಿಲೋ ಬೆಳೆದದ್ದು ಅವರ ಕಾನ್ವೆಂಟಿನ ಅನಾಥಾಲಯದಲ್ಲೇ. ಅಲ್ಲಿ ಹುಡುಗಿಯರು ಊರವರ ಬಟ್ಟೆ ಒಗೆಯುತ್ತಾರೆ. ಹತ್ತನೆಯ ವಯಸ್ಸಿನಲ್ಲಿ ಬಟ್ಟೆ ಹಿಂಡುವ ಯಂತ್ರಕ್ಕೆ ಸಿಕ್ಕ ಅವಳ ಎಡಗೈಯ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ. ಹಡಗು ಹತ್ತಿ ಓಡಿಹೋಗೋಣವೆಂದರೆ ಹತ್ತಲು ಚೀಟಿ ಕೊಡುವವನು ಸ್ಕಲಿ. ಆ ಕಾಗದ ಹಿಡಿದುಕೊಂಡು ಮನೆಗೆ ಬಂದಾಗ ಈಟಾ ಕೋಸಿನೆಲೆ ಬಿಸಿ ಮಾಡಲೇನಮ್ಮ ಅಂತ ಕೇಳಿದಳು. ಬೇಡ ಅಂದೆ. ಒಲೆಯ ಕಡೆ ಮುಖ ಮಾಡಿ ಅತ್ತೆ.

ಮಾರನೆಯ ದಿನ ಶನಿವಾರ. ಚರ್ಚಿನಲ್ಲಿ ನಿವೇದನೆಗೆ ಸುಮಾರು ನಲವತ್ತು ಜನ ಸಾಲುಗಟ್ಟಿದ್ದರು, ಮೀನು ಸೀಳುವ ಹೆಂಗಸರೇ ಹೆಚ್ಚು. ಸ್ಕಲಿ ನನ್ನಿಂದ ಏಳು ಜನ ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನ ಸರದಿ ಬಂತು. ಮರದ ಗೂಡಿನೊಳಗೆ ಫಾದರ್ ಕಿವಿಯನ್ನು ಜಾಲರಿಗೆ ಇಟ್ಟುಕೊಂಡು ಕೂತಿದ್ದರು. ನಾನು ಒಳಗೆ ಹೋಗಲಿಲ್ಲ. ಪರದೆಯ ಹೊರಗೇ ನಿಂತು, ಬಂದರಿನಲ್ಲಿ ಕೂಗಿ ಕರೆಯುವ ದನಿಯಲ್ಲಿ ಶುರು ಮಾಡಿದೆ.

"ಆಶೀರ್ವಾದ ಮಾಡಿ ಫಾದರ್, ಪಾಪ ಮಾಡಿವ್ನಿ. ಸುಂಕದ ಕಟ್ಟೇಲಿ ಸ್ಕಲಿ ಸಾಹೇಬ ಎರಡು ವರ್ಷದಿಂದ ನನ್ ಕೈಲೂ ಫಿಲೋ ಕೈಲೂ ಹೊಲ್ಸು ಪುಸ್ತಕ ಓದಿಸ್ದ. ತಾನು ಓದಿದ್ರೆ ನರಕ ಅಂತೆ. ನಾವು ಓದಿದ್ರೆ ಪರವಾಗಿಲ್ವಂತೆ."

"ಮೆಲ್ಲಗೆ, ಮೆಲ್ಲಗೆ" ಅಂದಿತು ಗೂಡು.

ಮೆಲ್ಲಗೆ ಹೇಳಿ ಎರಡು ವರ್ಷ ಆಗಿತ್ತು. ಹನ್ನೆರಡು ಗೆರೆಯ ಲೆಕ್ಕ ಹೇಳಿದೆ. ಗೆರೆಗೆ ಹತ್ತರಂತೆ ನಮೋ ಮರಿಯಾ ಹೇಳಿದ್ದನ್ನು ಹೇಳಿದೆ. ಲಂಗ ಎತ್ತಿ ಜಡ್ಡುಗಟ್ಟಿದ ಮೊಣಕಾಲು ತೋರಿಸಿದೆ. ಫಾದರ್ ಪರದೆ ಸರಿಸಿ ತಲೆ ಹೊರಗೆ ಹಾಕಿದರು. ಮುಖ ಬೀಟ್‌ರೂಟಿನ ಹಾಗಾಗಿತ್ತು. ಇದು ನಿವೇದನೆ, ಕೇಳಿಸಿಕೊಂಡವರೂ ಹೊರಗೆ ಬಾಯಿಬಿಡುವ ಹಾಗಿಲ್ಲ, ಬಿಟ್ಟರೆ ಅವರಿಗೂ ಪಾಪ, ಎಲ್ಲರೂ ಕಿವಿ ಮುಚ್ಚಿಕೊಳ್ಳಿ ಅಂದರು.

ಯಾರೂ ಮುಚ್ಚಿಕೊಳ್ಳಲಿಲ್ಲ. ಸಾಲಿನ ತುದಿಯಲ್ಲಿದ್ದ ಮೀನಿನ ಮುದುಕಿ ಮಿಸೆಸ್ ಗಿಲ್ ಎರಡು ಹೆಜ್ಜೆ ಮುಂದೆ ಬಂದಳು. "ಸ್ವಲ್ಪ ಸುಮ್ಕಿರಿ ಫಾದರ್. ಆಯಮ್ಮ ಹೇಳೋದು ಕೇಳಿಸ್ತಾ ಇಲ್ಲ."

"ಹಂಗಾದ್ರೆ ಇದು ನಿವೇದನೆ ಅಲ್ಲ ಫಾದರ್" ಅಂದೆ. "ಬರೀ ಮಾತು. ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಹೇಳ್ಬೋದು."

ಆಮೇಲೆ ಕೋಳಿ ಪುಸ್ತಕದ ಹನ್ನೆರಡು ಸಾಲನ್ನೂ ಒಪ್ಪಿಸಿದೆ. ಬಾಯಿಪಾಠವಾಗಿ ಹೋಗಿದ್ದವು. ಹೇಂಟೆ ಕಾವಿಗೆ ಕೂತದ್ದು, ಮರಿ ಹಸಿದು ಚೀಂಗುಟ್ಟಿದ್ದು, ವಿಧವೆ ಬಾಗಿಲು ಹಾಕಿ ಮೊಟ್ಟೆ ತಿಂದದ್ದು. ಸಾಲಿನಲ್ಲಿದ್ದವರು ಉಸಿರು ಹಿಡಿದು ಕೇಳಿದರು. ನಲವತ್ತು ಜನರ ಎದುರು ನಿಷೇಧಿತ ಪುಸ್ತಕ ಓದಿದ ಅಪರಾಧವೂ ನನ್ನ ತಲೆಗೆ ಬಂತು, ಬರಲಿ. ಮುಗಿದ ಮೇಲೆ ಯಾರೋ ನಿರಾಸೆಯಿಂದ ಕೇಳಿದರು. "ಹೊಲ್ಸು ಎಲ್ಲೈತೆ?"

"ಅಗೋ ಅಲ್ಲಿ, ಟೋಪಿ ಹಿಡ್ಕೊಂಡು ನಿಂತೈತಲ್ಲ" ಅಂದೆ.

ಎಲ್ಲರೂ ಸ್ಕಲಿಯನ್ನು ನೋಡಿದರು. ಅವನು ಹೋಗುವ ಹಾಗಿರಲಿಲ್ಲ. ನಿವೇದನೆಯ ಸಾಲು ಬಿಟ್ಟು ಓಡಿದವನ ಬಗ್ಗೆ ಊರು ಏನು ಅಂದುಕೊಳ್ಳುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಟೋಪಿಯನ್ನು ಕೈಯಿಂದ ಕೈಗೆ ಬದಲಾಯಿಸುತ್ತಾ ನಿಂತ.

"ಸೋಮವಾರ ಹತ್ತಕ್ಕೆ ನನ್ ಮಗಳ್ನ ಬಟ್ಟೆ ಒಗ್ಯಾಕೆ ಒಯ್ತಾರೆ" ಅಂದೆ. ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಆಗ ಒಡೆಯಿತು. "ನಾ ಓದ್ದೆ ಅಂತ. ಅಷ್ಟೇ ನಾ ಹೇಳಾಕ್ ಬಂದಿದ್ದು."

ಸಾಲಿನಲ್ಲಿ ನನ್ನ ಹಿಂದೆಯೇ ಇದ್ದ ಫಿಲೋ ಮುಂದೆ ಬಂದು, ಮಡಚದ ಬೆರಳಿನ ಕೈಯನ್ನು ಗೂಡಿನ ಬಾಗಿಲಿಗೆ ಊರಿ ನಿಂತಳು. "ಈಗ ನಂದು ಕೇಳಿ ಫಾದರ್. ನಂದು ಸಿಸ್ಟರುಗಳ ಮನೆಯಿಂದ ಶುರುವಾಯ್ತದೆ, ವಸಿ ಉದ್ದ ಐತೆ."

ಸೋಮವಾರ ನಾನು ಈಟಾಳ ತಲೆ ಬಾಚಿ, ಶೂ ಹಾಕಿಸಿ, ಅವಳ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ರುಜು ಹಾಕದ ಕಾಗದ ಒಲೆಗೆ ಹೋಗಿ ಎರಡು ದಿನವಾಗಿತ್ತು. ಹತ್ತಕ್ಕೆ ಸರಿಯಾಗಿ ವ್ಯಾನ್ ನಮ್ಮ ಓಣಿಯ ಬಾಯಿಗೆ ಬಂತು. ಮುಂದಿನ ಸೀಟಿನಲ್ಲಿ ಫಾದರ್ ಟೂಹಿ, ಪಕ್ಕದಲ್ಲಿ ಒಬ್ಬ ಪೊಲೀಸ್. ಓಣಿಗೆ ಅಡ್ಡಲಾಗಿ ಆರು ಮೀನಿನ ಪೀಪಾಯಿಗಳು ನಿಂತಿದ್ದವು. ಬಂದರಿನಲ್ಲಿ ಇರಬೇಕಾದವು ಅಲ್ಲಿಗೆ ಹೇಗೆ ಬಂದವೋ. ಅವುಗಳ ಸುತ್ತ ಹದಿನೆಂಟು ಹೆಂಗಸರು ಮುಂಗೈವರೆಗೆ ರಕ್ತ ಮಾಡಿಕೊಂಡು ಹೆರಿಂಗ್ ಮೀನು ಸೀಳುತ್ತಿದ್ದರು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ಪೊಲೀಸ್ ಇಳಿದು ದಾರಿ ಬಿಡಿ ಅಂದ. ಮೀನು ಕೆಟ್ಟುಹೋಗುತ್ತದೆ, ಮುಗಿಯಲಿ ಅಂದರು. ಎಷ್ಟು ಹೊತ್ತು ಅಂತ ಕೇಳಿದ. ಹೇಳಲು ಬರುವುದಿಲ್ಲ ಅಂದರು. ಅವನು ಹೆಂಗಸರ ಕೈಯ ಚಾಕುಗಳನ್ನು ಒಂದು ಸಲ ನೋಡಿ ವ್ಯಾನಿನ ಹತ್ತಿರಕ್ಕೆ ವಾಪಸು ಹೋದ.

ಈಟಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಡ್ರೈವರ್ ಹಾರನ್ ಒತ್ತಿದ. ಮಿಸೆಸ್ ಗಿಲ್ ಪೀಪಾಯಿಗೆ ಕೈ ಹಾಕಿ ಇನ್ನೊಂದು ಮೀನು ತೆಗೆದಳು.