ನಗಬಾರದು, ಕಿವಿ ಕಾಣಬೇಕು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಿಕೊಳ್ಳಲಿ ಬಿಡಿ. ವೀಸಾ ಕೇಂದ್ರದ ಎದುರಿಗೆ, ಹತ್ತಡಿ ಅಗಲದ ಫೋಟೊ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷ ನಿಂತವರಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ದಿನಕ್ಕೆ ನಲವತ್ತು ಸಲ ಅದೇ ರಾಗ ಹಾಡಬೇಕು: ನಗಬಾರದು, ಕಿವಿ ಕಾಣಬೇಕು, ಕನ್ನಡಕ ತೆಗೆಯಿರಿ, ಗದ್ದ ಎತ್ತಬೇಡಿ. ನಾನು ಹೇಳಿ ಮುಗಿಸುವುದರೊಳಗೆ ಎದುರಿಗೆ ಕೂತವರು ಹಲ್ಲು ಕಿರಿದಿರುತ್ತಾರೆ. ಒಂದು ದೇಶಕ್ಕೆ ಮೂವತ್ತೈದು ಮಿಲಿಮೀಟರ್ ಅಗಲ, ನಲವತ್ತೈದು ಎತ್ತರ. ಇನ್ನೊಂದಕ್ಕೆ ಚಚ್ಚೌಕ. ಮತ್ತೊಂದಕ್ಕೆ ಹಿಂದಿನ ಪರದೆ ಬಿಳಿ ಇದ್ದರೆ ಸಾಲದು, ಬೂದು ಆಗಬೇಕು. ಇದೆಲ್ಲ ನನಗೆ ಬಾಯಿಪಾಠ.

ಅಂಗಡಿಯ ಬಾಗಿಲ ಪಕ್ಕದ ಮೇಜಿನಲ್ಲಿ ನನ್ನ ಹೆಂಡತಿ ಕೂರುತ್ತಾಳೆ. ಅರ್ಜಿ ತುಂಬುವುದು, ಕಾಗದಪತ್ರ ಜೋಡಿಸುವುದು ಅವಳ ಕೆಲಸ. ನನ್ನ ಕೆಲಸ ಫೋಟೊ. ಜೊತೆಗೆ ನನಗೊಂದು ಚಟವಿದೆ, ಅದನ್ನು ಮುಚ್ಚಿಡುವುದಿಲ್ಲ. ಮುಖಗಳನ್ನು ತಿದ್ದುವ ಚಟ. ಕಸುಬು ಕಲಿತ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದೆ, ಈಗ ಮೌಸ್ ಆಡಿಸುತ್ತೇನೆ. ನನ್ನ ಅಂಗಡಿಯ ಫೋಟೊದಲ್ಲಿ ಮೊಡವೆ ಇರುವುದಿಲ್ಲ, ಕಣ್ಣಿನ ಕೆಳಗಿನ ಕಪ್ಪೂ ಇರುವುದಿಲ್ಲ. ವೀಸಾ ಫೋಟೊ ಮುಟ್ಟಬಾರದೆಂಬ ನಿಯಮ ಗೊತ್ತಿಲ್ಲವೆಂದಲ್ಲ. ಆದರೂ ಕೈ ಕೇಳಬೇಕಲ್ಲ!

"ನಿಮ್ಮ ಕೈಗೆ ಚಂದ್ರ ಸಿಕ್ಕಿದ್ರೆ ಅವನ ಮೇಲಿನ ಮಚ್ಚೇನೂ ಅಳಿಸಿಬಿಡ್ತೀರಿ ಕಣ್ರೀ," ಎನ್ನುತ್ತಾಳೆ ಹೆಂಡತಿ.

ಒಂದು ಸೋಮವಾರ ಗುಂಡಿಯಮ್ಮ ಬಂದಳು. ಎರಡು ಬೀದಿ ಆಚೆ ಆಕೆಯದೊಂದು ಇಕ್ಕಟ್ಟಾದ ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಸಡಿಲವಾದದ್ದನ್ನು ಬಿಗಿ ಮಾಡುತ್ತಾಳೆ, ಬಿಗಿಯಾದದ್ದನ್ನು ಬಿಡಿಸುತ್ತಾಳೆ, ಗುಂಡಿ ಹಾಕುತ್ತಾಳೆ. ಐವತ್ತಾರು ವಯಸ್ಸು. ಬೀದಿಗೆಲ್ಲ ಆಕೆ ಗುಂಡಿಯಮ್ಮನೇ. ಪಾಸ್‌ಪೋರ್ಟಿನಲ್ಲಿ ಬೇರೊಂದು ಹೆಸರು ನೋಡಿ, ಇದು ಯಾರದ್ದಪ್ಪಾ ಎಂದುಕೊಂಡೆ.

"ಪ್ರಯಾಣದ ಉದ್ದೇಶ ಏನಂತ ಬರೀಲಿ?" ಅರ್ಜಿ ಮುಂದಿಟ್ಟುಕೊಂಡು ಹೆಂಡತಿ ಕೇಳಿದಳು.

"ಅಕ್ಕನಿಗೆ ಮುಖ ತೋರಿಸೋಕೆ ಅಂತ ಬರೀರಿ."

"ಅಂಥ ಖಾನೆ ಇಲ್ಲಮ್ಮಾ. ಪ್ರವಾಸ, ವ್ಯಾಪಾರ, ಓದು, ಚಿಕಿತ್ಸೆ. ಇಷ್ಟೇ ಇರೋದು."

"ಹಾಗಾದ್ರೆ ಪ್ರವಾಸ ಅಂತ ಹಾಕಿ. ಊರು ನೋಡೋ ಆಸೆ ನಂಗಿಲ್ಲ. ಅವಳು ನನ್ನ ನೋಡ್ಲಿ ಅಂತ ಹೋಗ್ತಿರೋದು."

ಅಕ್ಕ ಮದುವೆಯಾಗಿ ಆ ದೇಶ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಈ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಒಬ್ಬರನ್ನೊಬ್ಬರು ನೋಡದೆ ಇಷ್ಟು ಕಾಲ ಕಳೆದುಹೋಗಿತ್ತು. ಈಗ ಅಕ್ಕನ ಕಣ್ಣಿನ ನರ ಒಣಗುತ್ತಿದೆಯಂತೆ. ಇನ್ನು ಎರಡೂವರೆ ತಿಂಗಳು, ಅದಾದ ಮೇಲೆ ಬೆಳಕು ಯಾವುದು ನೆರಳು ಯಾವುದು ಎಂದಷ್ಟೇ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಫೋನಲ್ಲಿ ಮಾತಾಡ್ತೀವಿ. ಆದ್ರೆ ಪರದೇಲಿ ನಾನು ಬರೀ ಮಬ್ಬು ಅಂತಾಳೆ. ಮೂಗಿಗೆ ಮೂಗು ತಾಗೋ ಹಾಗೆ ಕೂತ್ರೆ ಮಾತ್ರ ಮುಖ ಕಾಣುತ್ತಂತೆ. ಅದಕ್ಕೇ ಅಮ್ಮಾ, ಬೇಗ ಹೋಗ್ಬೇಕು."

ಹೆಂಡತಿ ಕಾಗದಪತ್ರದ ಪಟ್ಟಿ ಓದಿ ಹೇಳಿದಳು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಷ್ಯ ಇರಬೇಕು, ಎರಡು ಖಾಲಿ ಹಾಳೆ ಇರಬೇಕು. ಅಕ್ಕನ ಆಹ್ವಾನಪತ್ರ, ಹೋಗಿಬರುವ ಟಿಕೆಟ್ಟು, ವಿಮೆ, ಬ್ಯಾಂಕಿನ ಕಾಗದ.

"ವಾಪಸ್ ಬರ್ತೀರಿ ಅನ್ನೋದಕ್ಕೆ ಏನು ಆಧಾರ ಅಂತ ಕೇಳ್ತಾರೆ. ಏನು ಹೇಳ್ತೀರಿ?"

"ಹದಿನೇಳು ಜನರ ಬಟ್ಟೆ ನನ್ನ ಅಂಗಡೀಲಿ ಬಿದ್ದಿದೆ. ಬರದೆ ಇದ್ರೆ ಅವರು ಸುಮ್ನೆ ಬಿಡ್ತಾರಾ?"

ಎಲ್ಲ ಜೋಡಿಸುವಷ್ಟರಲ್ಲಿ ಹನ್ನೆರಡು ದಿನ ಹೋಯಿತು. ಕೊನೆಗೆ ಫೋಟೊ. ಆಕೆಯ ಎಡಹುಬ್ಬನ್ನು ಸೀಳಿಕೊಂಡು ಒಂದು ಹಳೆಯ ಗಾಯದ ಗೆರೆ ಹಣೆಯಂಚಿನವರೆಗೂ ಹೋಗಿತ್ತು. ಅಯ್ಯೋ ಪಾಪ, ಇಷ್ಟು ಲಕ್ಷಣವಾದ ಮುಖಕ್ಕೆ ಇದೊಂದು ಬೇಕಿತ್ತೇ ಎನ್ನಿಸಿತು. ಆಕೆ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ನಾನು ಒಳಗೆ ಕೂತು ಆ ಗೆರೆ ಮುಚ್ಚಿದೆ, ಹುಬ್ಬಿಗೆ ಒಂದೊಂದೇ ಕೂದಲು ಎಳೆದೆ. ಅರ್ಧ ಗಂಟೆಯ ಕೆಲಸ. ಆಕೆ ಹುಟ್ಟಿದ್ದೇ ಆ ಹುಬ್ಬಿನೊಂದಿಗೆ ಎನ್ನುವ ಹಾಗೆ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಕವರ್ ಅಂಟಿಸಿದ್ದೀನಿ. ಕೌಂಟರಲ್ಲೇ ಬಿಚ್ಚಬೇಕು. ಬೆರಳಿನ ಗುರುತು ಬಿದ್ರೆ ಆ ಸ್ಕೇಲಮ್ಮ ತಗೊಳ್ಳಲ್ಲ," ಎಂದು ಗದರಿ ಕಳಿಸಿದೆ.

ಸ್ಕೇಲಮ್ಮ ಎಂದರೆ ವೀಸಾ ಕೇಂದ್ರದ ಮೂರನೇ ಕೌಂಟರಿನಾಕೆ. ಹೆಸರು ನಾನಿಟ್ಟದ್ದು. ಪ್ಲಾಸ್ಟಿಕ್ ಸ್ಕೇಲು ಹಿಡಿದು ಪ್ರತಿ ಫೋಟೊ ಅಳೆಯುತ್ತಾಳೆ, ಒಂದು ಮಿಲಿಮೀಟರ್ ಕಮ್ಮಿಯಾದರೂ ವಾಪಸ್ ಕಳಿಸುತ್ತಾಳೆ. ಹನ್ನೊಂದು ವರ್ಷದಿಂದ ಅವಳಿಗೂ ನನಗೂ ರಸ್ತೆಯ ಎರಡು ಬದಿಯಿಂದಲೇ ಯುದ್ಧ.

ಮರುದಿನ ಹನ್ನೊಂದೂವರೆಗೆ ಗುಂಡಿಯಮ್ಮ ರಸ್ತೆ ದಾಟಿ ವಾಪಸ್ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಕೈಯಲ್ಲೊಂದು ಚೀಟಿ ಇತ್ತು. ಹೆಂಡತಿ ಗಟ್ಟಿಯಾಗಿ ಓದಿದಳು: ಫೋಟೊ ತಿದ್ದಲಾಗಿದೆ, ಪಾಸ್‌ಪೋರ್ಟಿನ ಫೋಟೊಗೆ ಹೊಂದುತ್ತಿಲ್ಲ, ಅರ್ಜಿದಾರರ ಗುರುತಿನ ಬಗ್ಗೆ ಸಂದೇಹವಿದೆ, ಮುಂದಿನ ಭೇಟಿ ನಲವತ್ಮೂರು ದಿನಗಳ ನಂತರ. ಆಮೇಲೆ ವೀಸಾ ಕೈಗೆ ಬರಲು ಇನ್ನೂ ಮೂರು ವಾರ. ಹೆಂಡತಿ ಬೆರಳು ಮಡಿಸಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಡಾಕ್ಟರು ಕೊಟ್ಟಿದ್ದ ಗಡುವು ಅಷ್ಟರಲ್ಲಿ ಮುಗಿದಿರುತ್ತಿತ್ತು.

ನಾನು ಸಿಡಿದೆ. "ಅವಳಿಗೆಷ್ಟು ಕೊಬ್ಬು! ನನ್ನ ಮೇಲಿನ ಹಗೆ ಈಯಮ್ಮನ ಮೇಲೆ ತೀರಿಸ್ಕೋತಾಳಾ? ಇವತ್ತು ಆ ಸ್ಕೇಲು ಮುರಿದು ಕೈಗೆ ಕೊಡದೆ ಇದ್ರೆ ನೋಡಿ!"

ಗುಂಡಿಯಮ್ಮ ಕವರಿನಿಂದ ಫೋಟೊ ತೆಗೆದು ಮೇಜಿನ ಮೇಲಿಟ್ಟಳು.

"ಅಣ್ಣಾ, ನನ್ನ ಹುಬ್ಬೆಲ್ಲಿ?"

ಆಕೆ ತನ್ನ ಎಡಹುಬ್ಬಿನ ಗೆರೆಯ ಮೇಲೆ ಬೆರಳಿಟ್ಟಳು.

"ಅಪ್ಪನೂ ದರ್ಜಿ. ನಂಗಾಗ ಏಳು ವರ್ಷ, ಅಕ್ಕನಿಗೆ ಹತ್ತು. ಮುಂದಲೆ ಕೂದಲು ಸಮ ಮಾಡ್ತೀನಿ ಬಾರೇ ಅಂತ ಅಪ್ಪನ ದೊಡ್ಡ ಕತ್ತರಿ ತಗೊಂಡ್ಳು. ನಾನು ಸುಮ್ನೆ ಕೂತ್ರೆ ತಾನೆ? ಕತ್ತರಿ ಜಾರ್ತು. ನನಗಿಂತ ಜಾಸ್ತಿ ಅವಳೇ ಅತ್ತಿದ್ದು. ಇವತ್ತಿಗೂ ಫೋನ್ ಎತ್ತಿದ ತಕ್ಷಣ 'ಹುಬ್ಬು ಹೇಗಿದೆಯೇ' ಅಂತಾನೇ ಕೇಳೋದು. ಅವಳು ನೋಡ್ಬೇಕು ಅಂತಿರೋ ಮುಖ ಅದು ಅಣ್ಣಾ. ಇದು ಯಾರ್ದೋ."

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ನಾಚಿಕೆಯಿಂದ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಯಾರೂ ಕೇಳದ ಉಪಕಾರ ಮಾಡಲು ಹೋಗಿ, ಒಬ್ಬಳ ಅಕ್ಕನ ಕಣ್ಣಿಗೆ ನಾನೇ ಮಣ್ಣು ಹಾಕಿದ್ದೆ. ಹೆಂಡತಿ ನನ್ನತ್ತ ನೋಡಿದಳು. "ರಸ್ತೆ ದಾಟಿ," ಎಂದಳು ಅಷ್ಟೇ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೂರನೇ ಕೌಂಟರಿನ ಮುಂದೆ ನಿಂತೆ. ಗಾಜಿನ ಹಿಂದಿನಿಂದ ಸ್ಕೇಲಮ್ಮ ಕನ್ನಡಕದ ಮೇಲೆ ನನ್ನನ್ನು ಅಳೆದಳು.

"ಏನ್ರೀ ಸ್ಟುಡಿಯೋದವರೇ, ದಾರಿ ತಪ್ಪಿ ಬಂದ್ರಾ?"

"ತಪ್ಪು ನಂದು ಮೇಡಂ," ಎಂದೆ. ಆ ಮೇಡಂ ಎಂಬ ಮಾತು ಗಂಟಲಿನಿಂದ ಕಿತ್ತುಕೊಂಡು ಬಂತು. "ಫೋಟೊ ತಿದ್ದಿದ್ದು ನಾನು. ಆಯಮ್ಮನಿಗೆ ಏನೂ ಗೊತ್ತಿಲ್ಲ. ಅವರ ಅಕ್ಕನಿಗೆ ಕಣ್ಣು ಹೋಗ್ತಿದೆ. ದಯವಿಟ್ಟು ನಲವತ್ಮೂರು ದಿನ ಅನ್ನಬೇಡಿ."

ಅವಳು ಸ್ಕೇಲು ಕೆಳಗಿಟ್ಟಳು. "ಬಾಯಲ್ಲಿ ಹೇಳಿದ್ರೆ ಆಗಲ್ಲ. ತಿದ್ದದೆ ಇರೋ ಮೊದಲ್ನೇ ಫೋಟೊ, ಇವತ್ತು ತೆಗೆದ ಹೊಸ ಫೋಟೊ, ತಿದ್ದಿದ್ದು ನಾನೇ ಅಂತ ನಿಮ್ಮ ಸಹಿ ಇರೋ ಪತ್ರ. ಮೂರೂ ನಾಲ್ಕು ಗಂಟೆಯೊಳಗೆ ತನ್ನಿ. ಸಾಹೇಬರಿಗೆ ನಾನು ಹೇಳ್ತೀನಿ. ಆದ್ರೆ ಪತ್ರ ಕೊಟ್ರೆ ಅಲ್ಲಿಂದ ನಿಮ್ಮ ಹೆಸರು ತೆಗೀತಾರೆ. ಅದನ್ನ ನಾನು ತಡೆಯೋಕಾಗಲ್ಲ."

ಅವಳು ತೋರಿಸಿದ್ದು ಗೋಡೆಯ ಮೇಲಿನ ಬೋರ್ಡು. ಕೇಂದ್ರ ಒಪ್ಪಿದ ಸ್ಟುಡಿಯೋಗಳ ಪಟ್ಟಿ. ಇಪ್ಪತ್ತೆರಡು ವರ್ಷದಿಂದ ನನ್ನ ಅಂಗಡಿಯ ಹೆಸರೇ ಮೊದಲನೆಯದು. ಸುಳ್ಳೇಕೆ ಹೇಳಲಿ, ಪ್ರಿಂಟರ್ ಕೆಟ್ಟಿತ್ತು ಎಂದು ಬರೆದುಬಿಡಲೇ ಎಂಬ ಯೋಚನೆಯೂ ರಸ್ತೆ ದಾಟುವಾಗ ಬಂತು. ಅಂಗಡಿಯೊಳಗೆ ಗುಂಡಿಯಮ್ಮ ತನ್ನ ಕಾಗದಗಳನ್ನು ಮತ್ತೆ ಮತ್ತೆ ಸರಿ ಜೋಡಿಸುತ್ತಿದ್ದಳು. ಆ ಯೋಚನೆಯನ್ನು ಅಲ್ಲೇ ಹೊಸಿಲಾಚೆ ಬಿಟ್ಟೆ.

ಊರಿನವರ ಅರ್ಜಿಯನ್ನೆಲ್ಲ ತುಂಬುವ ನನ್ನ ಹೆಂಡತಿ ಬಿಳಿ ಹಾಳೆ ನನ್ನ ಮುಂದೆ ತಳ್ಳಿದಳು. "ಇದನ್ನ ಮಾತ್ರ ನೀವೇ ಬರೀರಿ."

ಬರೆದೆ. ಈ ಫೋಟೊದಲ್ಲಿದ್ದ ಗಾಯದ ಗುರುತನ್ನು ಯಾರೂ ಹೇಳದೆ ನನ್ನ ಇಷ್ಟದಂತೆ ಅಳಿಸಿದ್ದೇನೆ, ತಪ್ಪು ಪೂರ್ತಿ ನನ್ನದು. ಇಷ್ಟೇ ಸಾಲು. ಮೂರು ಹಾಳೆ ಹರಿದೆ.

ಆಮೇಲೆ ಗುಂಡಿಯಮ್ಮನನ್ನು ಪರದೆಯ ಮುಂದೆ ಕೂರಿಸಿದೆ. ಹಳೆಯ ಮಂತ್ರ ಹೇಳಲು ಬಾಯಿ ತೆರೆದರೆ, "ಗೊತ್ತಣ್ಣ. ನಗಬಾರದು, ಕಿವಿ ಕಾಣಬೇಕು," ಎಂದು ಆಕೆಯೇ ಹೇಳಿದಳು. ಫೋಟೊ ಕಂಪ್ಯೂಟರಿಗೆ ಬಂತು. ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಮೌಸಿನತ್ತ ಹೋಯಿತು. ಹೆಂಡತಿ ಅದರ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದಳು, ಪ್ರಿಂಟ್ ಹೊರಬರುವವರೆಗೂ ಬಿಡಲಿಲ್ಲ.

ನಾಲ್ಕಕ್ಕೆ ಇಪ್ಪತ್ತು ನಿಮಿಷವಿದ್ದಾಗ ಮೂವರೂ ಕೌಂಟರಿನಲ್ಲಿದ್ದೆವು. ಸ್ಕೇಲಮ್ಮ ಪತ್ರ ಓದಿದಳು. ಆಮೇಲೆ ಸ್ಕೇಲು ತೆಗೆದಳು! ಮೂವತ್ತೈದು. ನಲವತ್ತೈದು. ಹುಬ್ಬಿನ ಹತ್ತಿರ ಕಣ್ಣಿಟ್ಟು ನೋಡಿದಳು.

"ಇಷ್ಟು ಚೆನ್ನಾಗಿ ತೆಗೆಯೋಕೆ ಬರುತ್ತೆ, ಮತ್ಯಾಕ್ರೀ ಹಾಳ್ಮಾಡ್ತೀರಿ?" ಎಂದು ಫೈಲು ಎತ್ತಿಕೊಂಡು ಒಳಗೆ ಹೋದಳು.

ಸಾಹೇಬರು ಗುಂಡಿಯಮ್ಮನನ್ನು ಒಳಗೆ ಕರೆಸಿಕೊಂಡರು. ಗಾಯ ಹೇಗಾಯಿತೆಂದು ಕೇಳಿದರಂತೆ. ಆಕೆ ಕತ್ತರಿಯ ಕತೆ ಹೇಳಿ, ವಾಪಸ್ ಬರುವುದಕ್ಕೆ ಆಧಾರವೇನೆಂಬ ಪ್ರಶ್ನೆಗೆ ಹದಿನೇಳು ಜನರ ಬಟ್ಟೆಯನ್ನೂ ಹೇಳಿದಳಂತೆ. ಹೊರಬಂದಾಗ ಆಕೆಯ ಕೈಯಲ್ಲಿ ಅರ್ಜಿ ಸ್ವೀಕರಿಸಿದ ರಸೀದಿ ಇತ್ತು. ಮೂರು ದಿನದ ನಂತರ ಬೋರ್ಡಿನಿಂದ ನನ್ನ ಅಂಗಡಿಯ ಹೆಸರು ಹೋಯಿತು. ಹೊಟ್ಟೆ ಉರಿಯಿತು, ಇಲ್ಲವೆನ್ನುವುದಿಲ್ಲ.

ಹದಿನೆಂಟನೇ ದಿನ ಗುಂಡಿಯಮ್ಮ ಓಡುತ್ತಾ ಬಂದಳು. ಆಕೆ ಓಡಿದ್ದನ್ನು ನಾನು ನೋಡಿದ್ದೇ ಅವತ್ತು. ಪಾಸ್‌ಪೋರ್ಟಿನೊಳಗೆ ವೀಸಾ ಅಂಟಿಸಿದ್ದರು. ಮೂಲೆಯಲ್ಲಿ ಚಿಕ್ಕದಾಗಿ ಆಕೆಯ ಮುಖ, ಮುಖದಲ್ಲಿ ಆ ಗೆರೆ.

"ಆಹ್ವಾನಪತ್ರ, ವಾಪಸ್ ಟಿಕೆಟ್ಟು ಕೈಚೀಲದಲ್ಲೇ ಇರ್ಲಿ. ಪೆಟ್ಟಿಗೇಲಿ ಹಾಕಿ ಅಲ್ಲಿ ಪರದಾಡಬೇಡಿ. ಯಾಕೆ ಬಂದ್ರಿ ಅಂದ್ರೆ ಪ್ರವಾಸ ಅನ್ನಿ, ಜಾಸ್ತಿ ಮಾತು ಬೇಡ," ಎಂದು ಹೆಂಡತಿ ನಾಲ್ಕು ಸಲ ಹೇಳಿ ಕಳಿಸಿಕೊಟ್ಟಳು.

ಜಾಸ್ತಿ ಮಾತು ಬೇಡ ಎಂದರೆ ಕೇಳುವ ಹೆಂಗಸೇ? ವಿಮಾನ ಇಳಿದ ಮೇಲೆ ಫೋನ್ ಮಾಡಿದಳು. ಅಲ್ಲಿನ ಅಧಿಕಾರಿ ಪಾಸ್‌ಪೋರ್ಟ್ ನೋಡಿ, ಮುಖ ನೋಡಿ, ಪ್ರವಾಸ ಎಂದರೆ ಏನೇನು ನೋಡುತ್ತೀರಿ ಎಂದನಂತೆ. "ಅಕ್ಕನ್ನ ಅಂದೆ. ಇನ್ನೇನೂ ಇಲ್ವಾ ಅಂದ. ಇಲ್ಲ ಅಂದೆ. ನಕ್ಕು ಮುದ್ರೆ ಒತ್ತಿಬಿಟ್ಟ!"

ಎರಡು ದಿನ ಸದ್ದಿಲ್ಲ. ಮೂರನೇ ದಿನ ಮಧ್ಯಾಹ್ನ ಹೆಂಡತಿಯ ಫೋನಿಗೆ ಒಂದು ಫೋಟೊ ಬಂತು. ಯಾರೋ ಅಡುಗೆಮನೆಯ ಕಿಟಕಿಯ ಹತ್ತಿರ ತೆಗೆದದ್ದು. ಹಿಂದೆ ಬಿಳಿ ಪರದೆ ಇಲ್ಲ, ತೊಳೆದಿಟ್ಟ ಪಾತ್ರೆಗಳಿವೆ. ಅರ್ಧ ಮುಖಕ್ಕೆ ನೆರಳು ಬಿದ್ದಿದೆ. ಒಬ್ಬರಿರಬೇಕಾದಲ್ಲಿ ಇಬ್ಬರಿದ್ದಾರೆ. ಬೆಳ್ಳಿಕೂದಲಿನ ಅಕ್ಕ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದಾಳೆ. ಅವಳ ಅಂಗೈ ಅಡಿಯಲ್ಲಿ ತಂಗಿಯ ಕಿವಿಗಳು ಕಾಣುವುದೇ ಇಲ್ಲ. ಹೆಬ್ಬೆರಳು ಎಡಹುಬ್ಬಿನ ಗೆರೆಯ ಮೇಲಿದೆ. ಗುಂಡಿಯಮ್ಮ ಬಾಯ್ತುಂಬ ನಗುತ್ತಿದ್ದಾಳೆ.

ಕೆಳಗೊಂದು ಸಾಲು ಬರೆದಿದ್ದಳು: "ಕಂಡೆ ಅಂದ್ಳು ಅಣ್ಣಾ."

ಯಾವ ದೇಶದ ಯಾವ ಕೌಂಟರಿನಲ್ಲೂ ಪಾಸಾಗದ ಫೋಟೊ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಒಂದು ಚುಕ್ಕೆಯನ್ನೂ ಮುಟ್ಟದೆ, ರಸ್ತೆಯ ಕಡೆಗಿನ ಗಾಜಿನೊಳಗೆ ನಿಲ್ಲಿಸಿದೆ. ಸಂಜೆ ಕೆಲಸ ಮುಗಿಸಿ ಹೊರಟ ಸ್ಕೇಲಮ್ಮ ಅದರ ಮುಂದೆ ನಿಂತು ತುಂಬ ಹೊತ್ತು ನೋಡಿದಳು. ಕೈಯಲ್ಲಿ ಸ್ಕೇಲು ಇರಲಿಲ್ಲ.