ಮಷಿನ್ ನಿಂತರೆ ತಪ್ಪು

ಸ್ಮಶಾನದಿಂದ ಹೊರಟ ವ್ಯಾನಿನಲ್ಲಿ ಪತ್ರಿಕೆಯ ಅನುವಾದಕಿಯರಲ್ಲಿ ಕಿರಿಯಳು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಮತ್ತೆ ಅದೇ ಸಾಲನ್ನು ಹೊಡೆದುಹಾಕಿದಳು. ಪಕ್ಕದಲ್ಲಿದ್ದ ಸಂಪಾದಕರು ತಮ್ಮ ಬೂಟಿಗೆ ಮೆತ್ತಿದ್ದ ಕೆಸರನ್ನೇ ನೋಡುತ್ತಿದ್ದರು.

"ಇನ್ನೂ ಆಗ್ಲಿಲ್ವೇನಮ್ಮಾ? ಸಂಜೆಗೆ ಪುಟ ಮುಗೀಬೇಕು."

"ನೀವು ಬರ್ದಿರೋ ಇಂಗ್ಲಿಷು ರಷ್ಯನ್ನಿಗೆ ಇಳೀತಾನೇ ಇಲ್ಲ ಸಾರ್. 'ಪತ್ರಿಕಾಲೋಕದ ಆಧಾರಸ್ತಂಭ ಕುಸಿದಿದೆ, ಲೇಖನಿ ಮೌನವಾಗಿದೆ' ಅಂತೆ! ಅಕ್ಕ ಕೇಳಿದ್ರೆ ಎದ್ದು ಕೂರ್ತಿದ್ರು."

"ಎದ್ದು ಕೂತ್ರೆ ಒಳ್ಳೇದೇ ಆಯ್ತಲ್ಲ," ಎಂದ ಸಂಪಾದಕರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಅವರ ಪತ್ರಿಕೆ ಎರಡು ಭಾಷೆಗಳಲ್ಲಿ ಬರುತ್ತಿತ್ತು. ಇಂಗ್ಲಿಷಿನಲ್ಲಿ ಬರೆದದ್ದನ್ನೆಲ್ಲ ರಷ್ಯನ್ನಿಗೆ ತರುತ್ತಿದ್ದವಳು ಅಕ್ಕ. ಹೆಸರಿಗೆ ಉಪಸಂಪಾದಕಿ, ಕಚೇರಿಗೆಲ್ಲ ಅಕ್ಕ. ಅವಳ ಸಾಲು ಬೇರೆ ಭಾಷೆಯಿಂದ ಬಂದದ್ದೆಂದು ಓದಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಯಾರೂ ಅವಳನ್ನು ಹೊಗಳುತ್ತಲೂ ಇರಲಿಲ್ಲ, ಒಳ್ಳೆಯ ಅನುವಾದಕರ ಹಣೆಬರಹವೇ ಅಷ್ಟು. ಅಕ್ಕ ನೋಡದ ಸಾಲು ಅಚ್ಚಿಗೆ ಹೋಗುವುದು ಇವತ್ತೇ ಮೊದಲು, ಅದೂ ಅಕ್ಕನ ಸಾವಿನ ಸುದ್ದಿ. ಅಂಥವಳನ್ನು ಕೆಟ್ಟ ಸಾಲಿನಲ್ಲಿ ಕಳಿಸಿಕೊಡುವುದು ಹೇಗೆ ಎಂಬುದೇ ಕಿರಿಯಳ ಸಂಕಟ.

*

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕ ಅವಳನ್ನು ಮನೆಗೆ ಕರೆದೊಯ್ದಿದ್ದಳು. ಕಚೇರಿಯ ಹಿಂದಿನ ಬೀದಿಯಲ್ಲೇ ಮನೆ, ಮುಂದಿನ ಕೋಣೆಯಲ್ಲಿ ಅವಳ ಗಂಡ, ಭಾವನ ಟೈಲರ್ ಅಂಗಡಿ. ರಷ್ಯನ್ ಭಾವನ ಮನೆಮಾತು, ಅಕ್ಕ ಮದುವೆಯಾದ ಮೇಲೆ ಕಲಿತದ್ದು.

"ಓದು," ಎಂದಳು ಅಕ್ಕ, ಹೊಲಿಗೆ ಮಷಿನ್ ತುಳಿಯುತ್ತಿದ್ದ ಭಾವನ ಕಡೆ ತೋರಿಸಿ. "ಮಷಿನ್ ಓಡ್ತಾ ಇದ್ರೆ ಸಾಲು ಸರಿ. ನಿಂತ್ರೆ ತಪ್ಪು. ಇವರ ಬಾಯಿಗೆ ದಾಕ್ಷಿಣ್ಯ ಇದೆ, ಕಾಲಿಗೆ ಇಲ್ಲ."

ಪುಟಗಳನ್ನೆಲ್ಲ ಮುಗಿಸಿ ಅಚ್ಚಿಗೆ ಕಳಿಸಿದರೆ ಇಂಗ್ಲಿಷಿನಲ್ಲಿ ಪತ್ರಿಕೆಯನ್ನು ಮಲಗಿಸಿದೆವು ಎನ್ನುತ್ತಾರೆ. ಕಿರಿಯಳು ಅದನ್ನು ಇದ್ದದ್ದು ಇದ್ದಂತೆ ರಷ್ಯನ್ನಿಗೆ ಇಳಿಸಿದ್ದಳು: ಸಂಪಾದಕರು ಪತ್ರಿಕೆಯನ್ನು ಹಾಸಿಗೆಯಲ್ಲಿ ಮಲಗಿಸಿ ಮನೆಗೆ ಹೋದರು.

ಮಷಿನ್ ಗಕ್ಕನೆ ನಿಂತಿತು.

"ಯಾಕಮ್ಮಾ, ಪತ್ರಿಕೆಗೆ ಜ್ವರಾನಾ?" ಎಂದ ಭಾವ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕುರ್ಚಿ ಎಳೆದುಕೊಂಡು ಕಿರಿಯಳ ಪಕ್ಕ ಕೂತಳು. "ಮೊದಲನೇ ವರ್ಷ ನಾನೂ ಇದನ್ನೇ ಬರ್ದಿದ್ದೆ ಕಣೇ. ಪದ ಹಿಡ್ಕೊಂಡು ಜಗ್ಗಬೇಡ. ಆ ಮನುಷ್ಯ ಏನು ಮಾಡ್ದ, ಅದನ್ನ ಹೇಳು."

ಅಷ್ಟು ಸಹನೆಯಿಂದ ಕಲಿಸಿದವರು ಕಿರಿಯಳ ಬಾಳಿನಲ್ಲಿ ಇನ್ನೊಬ್ಬರಿಲ್ಲ.

*

ವ್ಯಾನು ಅಕ್ಕನ ಮನೆಯ ಮುಂದೆ ನಿಂತಿತು. ಬಂದವರು ಗೋಡೆಗೆ ಒರಗಿ ಕೂತಿದ್ದರು, ಅಕ್ಕನ ತಂಗಿ ಎಲ್ಲರಿಗೂ ನೀರು ಕೊಡುತ್ತಿದ್ದಳು. ಭಾವ ಮಾತ್ರ ಕೈಕಾಲು ತೊಳೆದವನೇ ಮಷಿನ್ನಿನ ಮುಂದೆ ಕೂತುಬಿಟ್ಟಿದ್ದ. ಸೂಜಿಯ ಕೆಳಗೆ ಅಕ್ಕನಿಗೆಂದು ಹೊಲಿಯುತ್ತಿದ್ದ ಬೂದುಬಣ್ಣದ ಕೋಟು, ಕೆಳಅಂಚು ಅರ್ಧಕ್ಕೆ ನಿಂತಿತ್ತು.

"ಬಿಡಿ ಭಾವ, ಇವತ್ತು ಅದ್ಯಾಕೆ?" ಎಂದಳು ತಂಗಿ.

ಭಾವ ಕಿರಿಯಳ ಕೈಯಲ್ಲಿದ್ದ ಕಾಗದ ನೋಡಿದ. "ನಾಳೆ ಬರ್ಬೇಕಲ್ವಾ? ಓದಮ್ಮ."

ಅವಳು ಸಂಪಾದಕರ ಸಾಲಿನ ಅನುವಾದ ಓದಿದಳು. ಆಧಾರಸ್ತಂಭಕ್ಕೆ ಬರುವಷ್ಟರಲ್ಲಿ ಮಷಿನ್ ನಿಂತಿತು.

"ಅವಳೇನು ಕಂಬಾನಾ?"

ಸಂಪಾದಕರು ಕನ್ನಡಕ ತೆಗೆದು ಒರೆಸಿಕೊಂಡರು. "ಹೊಡೆದುಹಾಕಮ್ಮ. ನಿನಗೆ ಗೊತ್ತಿರೋದು ಬರಿ."

ಕಿರಿಯಳು ಕಾಗದ ಮಗುಚಿ, ಅಲ್ಲೇ ಕತ್ತರಿಯ ಪಕ್ಕ ಇಟ್ಟು ಬರೆದಳು. ನೇರವಾಗಿ ರಷ್ಯನ್ನಿನಲ್ಲೇ ಬರೆದಳು. ಬರೆದು, ಭಾವ ಮತ್ತೆ ತುಳಿಯತೊಡಗಿದ ಮೇಲೆ ನಿಂತುಕೊಂಡು ಓದಿದಳು:

"ನಮ್ಮ ಮಾತುಗಳನ್ನು ಅವಳು ಮನೆಗೆ ಕೊಂಡೊಯ್ದಳು. ಗಂಡನಿಗೆ ಓದಿ ಹೇಳಿದಳು, ಸರಿಹೋಗುವವರೆಗೆ ತಿದ್ದಿದಳು. ತಪ್ಪು ಮಾಡಿದವರ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಕೊನೆಯ ದಿನವೂ ಸಂಜೆಯವರೆಗೆ ಕೆಲಸ ಮಾಡಿದಳು. ಮರುದಿನ ಬೆಳಿಗ್ಗೆ ಅವಳನ್ನು ಮಣ್ಣು ಮಾಡಿದೆವು."

ಮಷಿನ್ ಎಲ್ಲಿಯೂ ನಿಲ್ಲಲಿಲ್ಲ. ಕಿರಿಯಳು ಉಸಿರು ಬಿಟ್ಟಳು. ಸಂಪಾದಕರು ಕಾಗದಕ್ಕಾಗಿ ಕೈ ಚಾಚಿದರು.

"ಸಾಕು ಭಾವ, ಮುಗೀತು," ಎಂದಳು ಕಿರಿಯಳು.

ಕೋಟಿನ ಅಂಚು ಮುಗಿದು ಬಟ್ಟೆ ಸೂಜಿಯಿಂದಾಚೆ ಸರಿದು ನೆಲಕ್ಕೆ ಜಾರಿತು. ಭಾವ ಬಗ್ಗಿ ನೋಡಲಿಲ್ಲ. ಬಟ್ಟೆಯಿಲ್ಲದ ಸೂಜಿ ಏಳುತ್ತ ಇಳಿಯುತ್ತಲೇ ಇತ್ತು, ಕೆಳಗೆ ಅವನ ಕಾಲು ತುಳಿಯುತ್ತಲೇ ಇತ್ತು.